ಅರುವತ್ತರ ಅರಳುಮರಳು: ಜರೆಯೋ, ವ್ಯಾಧಿಯೋ?

‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯು ಕನ್ನಡನಾಡಿನಲ್ಲಿ ಬಹುಕಾಲದಿಂದ ರೂಢವಾಗಿದೆ. ವಯಸ್ಸಾದವರಲ್ಲಿ ನೆನಪು ಕುಂದುವುದನ್ನೂ ಬುದ್ಧಿ ತಡವರಿಸುವುದನ್ನೂ ಜನರು ಮುಪ್ಪಿನ ಸಹಜಧರ್ಮವೆಂದೇ ಎಣಿಸುತ್ತ ಬಂದಿರುವರು. ಈ ಎಣಿಕೆ ಎಷ್ಟು ಪ್ರಾಚೀನವಾದುದು, ಅದು ಎಂದು ಅಲ್ಲಗಳೆಯಲ್ಪಟ್ಟಿತು, ವೃದ್ಧರ ಪೋಷಣೆಯಲ್ಲಿ ಅದರಿಂದಾದ ವ್ಯತ್ಯಾಸವೇನು ಎಂಬುವು ವಿಚಾರಾರ್ಹವಾಗಿವೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಯುಸ್ಸನ್ನು ಬಾಲ್ಯ, ಮಧ್ಯ, ಜೀರ್ಣವೆಂದು ಮೂರಾಗಿ ವಿಭಾಗಿಸಿ, 60 ವರ್ಷಗಳಿಂದ ಮುಂದಕ್ಕೆ ಜೀರ್ಣಾವಸ್ಥೆಯೆಂದು ಹೇಳಿದೆ. ಆಗ ಕ್ಷಯಿಸತಕ್ಕವುಗಳಲ್ಲಿ ದೇಹಬಲ, ಇಂದ್ರಿಯಬಲಗಳೊಡನೆ ಗ್ರಹಣ, ಧಾರಣ, ಸ್ಮರಣ, ವಚನ, ವಿಜ್ಞಾನಗಳೂ ಸೇರಿವೆ. ಗಾದೆಯ ಅರುವತ್ತು ಶಾಸ್ತ್ರದಿಂದಲೇ ಬಂದಿತೆಂದು ಇಷ್ಟರಿಂದ ನಿರ್ಣಯಿಸಲಾಗದು. ಭಾವನೆ ಮಾತ್ರ ಒಂದೇ. ಜರೆಯಿಂದುಂಟಾಗುವ ರೋಗಗಳು ಸ್ವಾಭಾವಿಕವೆಂದೂ ಸ್ವಭಾವಕ್ಕೆ ಪ್ರತಿಕ್ರಿಯೆಯಿಲ್ಲವೆಂದೂ ಶಾರೀರಸ್ಥಾನವು ತಿಳಿಸುತ್ತದೆ. ಆದರೂ ಅದೇ ಗ್ರಂಥದ ಚಿಕಿತ್ಸಾಸ್ಥಾನವು ರಸಾಯನಾಧ್ಯಾಯದಿಂದಲೇ ಮೊದಲಾಗಿ, ಸ್ಮೃತಿಮೇಧೆಗಳನ್ನು ರಸಾಯನದ ಫಲಗಳಲ್ಲಿ ಎಣಿಸಿರುವುದು ಗಮನಾರ್ಹ.

ರೋಗಕ್ಕೆ ಮದ್ದಿಲ್ಲವೆಂದರೂ ವೃದ್ಧರನ್ನು ನೋಡಿಕೊಳ್ಳುವ ಹೊಣೆ ಯಾರದೆಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಶಾಸನಗಳಲ್ಲಿ ಎರಡು ಬಗೆಯ ಉತ್ತರ ದೊರೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನವು ತಂದೆತಾಯಿಗಳ ಹಾಗೂ ಗುರುಹಿರಿಯರ ಶುಶ್ರೂಷೆಯನ್ನು ವಿಧಿಸುತ್ತದೆ. ಇದು ಮನೆಯ ಧರ್ಮ. ಅದೇ ದೊರೆಯ ಐದನೆಯ ಶಿಲಾಶಾಸನದಲ್ಲಿ, ಪಟ್ಟಾಭಿಷೇಕವಾಗಿ 13 ವರ್ಷಗಳಾದ ಮೇಲೆ ನೇಮಿಸಿದ ಧರ್ಮಮಹಾಮಾತ್ರರ ಕಾರ್ಯಕ್ಷೇತ್ರದೊಳಗೆ ಅನಾಥರೂ ವೃದ್ಧರೂ ಸೇರಿರುವರು. ಎಂಟನೆಯದರಲ್ಲಿ ವೃದ್ಧರ ದರ್ಶನವೂ ಅವರಿಗೆ ಹಿರಣ್ಯದಾನವೂ ಉಕ್ತವಾಗಿವೆ. ಇದು ರಾಜಧರ್ಮ. ಬಳ್ಳಿಗಾವಿಯ ಕೋಡಿಯ ಮಠವು ದೀನರಿಗೆ ಅನ್ನವನ್ನೂ ಅನಾಥ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವಾಗಿತ್ತೆಂದು 1162ರ ಶಾಸನದಿಂದ ತಿಳಿದುಬರುತ್ತದೆ. ಮನೆಯಿಲ್ಲದವರ ಭಾರವನ್ನು ಮನೆಯ ಹೊರಗಿನವರೂ ಹೊರುತ್ತಿದ್ದರೆಂಬುದು ಇದರಿಂದ ಸ್ಪಷ್ಟ.

ಅರಳುಮರಳು ಜರೆಯಲ್ಲ, ವ್ಯಾಧಿಯೆಂಬ ಜ್ಞಾನವು ಈಚಿನದು. ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 1901ರಲ್ಲಿ ಸೇರಿದ 51 ವರ್ಷದ ಒಬ್ಬ ಸ್ತ್ರೀಯು 1906ರಲ್ಲಿ ಮೃತಳಾಗಲು, ವೈದ್ಯ ಅಲೋಯಿಸ್ ಆಲ್ಜೈಮರನು ಆಕೆಯ ಮಿದುಳಿನಲ್ಲಿ ವಿಲಕ್ಷಣವಾದ ಗಂಟುಗಳನ್ನೂ ಸಂಚಯಗಳನ್ನೂ ಕಂಡು ಅದೇ ವರ್ಷ ಪ್ರಕಟಪಡಿಸಿದನು. 1910ರಲ್ಲಿ ಕ್ರೇಪೆಲಿನನು ಈ ರೋಗಕ್ಕೆ ಆತನ ಹೆಸರನ್ನಿಟ್ಟನು. ಆದರೆ ರೋಗಿಯು ನಡುವಯಸ್ಸಿನವಳಾದುದರಿಂದ, ಆ ಹೆಸರು ಬಹುಕಾಲ ಅಂಥವರಿಗೇ ಸೀಮಿತವಾಗಿ, ಮುದುಕರ ಮರೆವು ಹಿಂದಿನಂತೆ ಮುಪ್ಪಿನ ಪಾಲಿಗೇ ಉಳಿಯಿತು. 1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ವೈದ್ಯರು ವೃದ್ಧರ ಮಿದುಳುಗಳಲ್ಲಿಯೂ ಅದೇ ವಿಕಾರವನ್ನು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ನನು ಎರಡೂ ಒಂದೇ ವ್ಯಾಧಿಯೆಂದು ಪ್ರತಿಪಾದಿಸಿದನು.

ಈ ಭೇದವು ಕೇವಲ ಶಬ್ದಚರ್ಚೆಯಲ್ಲ. ಜರೆಯೆಂದರೆ ಯಾರೂ ವೈದ್ಯರನ್ನು ಕಾಣರು. ಥೈರಾಯ್ಡ್ ರಸದ ಕೊರತೆ, ಬಿ12 ಜೀವಸತ್ವದ ಅಭಾವಗಳಿಂದ ಬರುವ ಮರೆವು ಅನೇಕ ವೇಳೆ ಚಿಕಿತ್ಸೆಗೆ ಬಗ್ಗತಕ್ಕದ್ದು. ಗಾದೆಯನ್ನು ನಂಬಿದವರಿಗೆ ಆ ಪ್ರಯೋಜನ ತಪ್ಪುತ್ತದೆ. ರಕ್ತದೊತ್ತಡ, ಮಧುಮೇಹ, ಕಿವುಡು, ದೃಷ್ಟಿಮಾಂದ್ಯ, ಏಕಾಂತವಾಸ ಮೊದಲಾದ 14 ಕಾರಣಗಳನ್ನು ನಿವಾರಿಸಿದರೆ ಶೇಕಡ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು 2024ರ ಲ್ಯಾನ್ಸೆಟ್ ಆಯೋಗವು ಅಂದಾಜು ಮಾಡಿದೆ. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ಬಗೆಯ ವ್ಯಾಧಿಯಿದೆಯೆಂದು 2023ರಲ್ಲಿ ಪ್ರಕಟವಾದ ಗಣನೆಯು ಹೇಳುತ್ತದೆ.

ಭಾರತದ 2007ರ ಮಾತಾಪಿತೃ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾನೂನು ಮಕ್ಕಳಿಗೆ ಜೀವನಾಂಶದ ಹೊಣೆಯನ್ನೂ, ಸರ್ಕಾರಕ್ಕೆ ವೃದ್ಧಾಶ್ರಮ, ವೈದ್ಯಸಹಾಯಗಳ ಕರ್ತವ್ಯವನ್ನೂ ನಿರೂಪಿಸಿದೆ. ಶಾಸನಗಳ ಮನೆಯ ಧರ್ಮವೂ ರಾಜಧರ್ಮವೂ ಇಲ್ಲಿ ಒಂದೆಡೆ ಕೂಡಿವೆಯೆನ್ನಬಹುದು. ಆದರೆ ಈ ರೋಗಿಗೆ ಅನ್ನವಸ್ತ್ರಗಳಷ್ಟೇ ಸಾಲವು. ದಿನಚರಿ ಕ್ರಮ ತಪ್ಪದಿರಬೇಕು, ವಸ್ತುಗಳು ಇಟ್ಟಲ್ಲಿಯೇ ಇರಬೇಕು, ಮಾತಿಗೆ ಎದುರುವಾದವಿರಬಾರದು, ಹಗಲಿರುಳು ಬಳಿಯಲ್ಲೊಬ್ಬರು ಬೇಕು. ಆ ಒಬ್ಬರಿಗೂ ಆಗಾಗ ಬಿಡುವು ದೊರೆಯದಿದ್ದರೆ ಮನೆಯ ಧರ್ಮ ನಡೆಯದು. ಆದುದರಿಂದ ಶುಶ್ರೂಷೆ ಮಾಡುವವರನ್ನು ಪೋಷಿಸುವುದೂ ವೃದ್ಧಪೋಷಣೆಯ ಅಂಗವೆಂದು ಎಣಿಸತಕ್ಕದ್ದು.