ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು

ಹಲಕರ್ಣಿ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಊರು. ಅಂಬೋಲಿಯ ಘಟ್ಟದಲ್ಲಿ ಹುಟ್ಟಿದ ಹಿರಣ್ಯಕೇಶಿ ನದಿ ಆಜರಾ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರಕ್ಕೆ ಇಳಿಯುವ ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಇಲ್ಲಿಯ ಗಡಿಗೆರೆ 1956ರ ರಾಜ್ಯ ಪುನರ್ವಿಂಗಡಣೆಗಿಂತ ಹಳೆಯದು. ಬ್ರಿಟಿಷರ ಕಾಲದಲ್ಲೂ ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಸಂಕೇಶ್ವರ ಬೆಳಗಾವಿ ಜಿಲ್ಲೆಯಲ್ಲಿತ್ತು. ದರಬಾರಿನ ಭಾಷೆ ಮರಾಠಿ. ಹೀಗಾಗಿ ಈ ಭಾಗದ ಕನ್ನಡ ಮನೆಗಳ ಮಕ್ಕಳಿಗೆ ಗ್ರಂಥದ ಕನ್ನಡ ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು. ಅದನ್ನು ಕಿವಿಗೆ ಮುಟ್ಟಿಸಿದ್ದು ಗಟ್ಟಿಯಾಗಿ ಓದುವ ಪದ್ಧತಿ.

ಬೆಳಗಾವಿ ಮತ್ತು ಅದರ ಸುತ್ತಲಿನ ಕನ್ನಡ ಊರುಗಳಲ್ಲಿ ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. 1369ರಲ್ಲಿ ಭೀಮಕವಿ ಮುಗಿಸಿದ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ, 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಇಂಥ ಓದಿಗೆ ಒಗ್ಗಿದ ಗ್ರಂಥಗಳು. ಇವೆಲ್ಲ ಷಟ್ಪದಿಯಲ್ಲಿವೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲು ಉಳಿದವಕ್ಕಿಂತ ಉದ್ದ. ಅಲ್ಲಿ ಓದುವವನ ದನಿ ಒಂದಿಷ್ಟು ನಿಲ್ಲುತ್ತದೆ, ಕೇಳುವವನಿಗೂ ಉಸಿರಾಡಲು ಎಡೆ ಸಿಗುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಪುರಾಣಿಕರು ಅದರ ಅರ್ಥವನ್ನು ಊರಿನ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ನಡುನಡುವೆ ದೃಷ್ಟಾಂತ, ಉಪಕಥೆ. ಮಕ್ಕಳಿಗೆಂದು ಬೇರೆ ಪುರಾಣವಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಅರ್ಧ ನಿದ್ದೆಯಲ್ಲಿದ್ದ ಕೂಸಿನ ಕಿವಿಗೂ ಹಳೆಯ ಮಾತು ಮತ್ತು ಅದರ ಬಿಡಿಸಿದ ಅರ್ಥ ಎರಡೂ ಬೀಳುತ್ತಿದ್ದವು. ಮರಾಠಿ ಮನೆಗಳಲ್ಲಿ ಇದೇ ಕೆಲಸವನ್ನು ಪೋಥಿ ಓದುವುದು ಮಾಡಿತು. ಶ್ರೀಧರ ಕವಿಯ ಹರಿವಿಜಯ, ಪಾಂಡವಪ್ರತಾಪ ಹಾಗೆ ಓದಿಸಿಕೊಂಡ ಕೃತಿಗಳು.

ಊರಿನ ಹಳೆಯ ಶಾಲೆಯೂ ಬಾಯಿಯ ಮೇಲೆಯೇ ನಿಂತಿತ್ತು. ಸರಕಾರಿ ಶಾಲೆ ಬರುವ ಮೊದಲು ಉತ್ತರ ಕರ್ನಾಟಕದಲ್ಲಿ ಅಕ್ಷರ ಕಲಿಸಿದವು ಗಾವಠಿ ಶಾಲೆಗಳು. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಮಗ್ಗಿ ಒಪ್ಪಿಸುವುದು, ಪದ್ಯ ಬಾಯಿಪಾಠ ಮಾಡುವುದು ಅಲ್ಲಿಯ ಕ್ರಮ. ಇವುಗಳ ಅತಿ ವಿವರವಾದ ಚಿತ್ರ ಸಿಗುವುದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ. ಅವನ ಲೆಕ್ಕದಂತೆ ಜಿಲ್ಲೆಯ 533 ಶಾಲೆಗಳಲ್ಲಿ 6,641 ಮಕ್ಕಳಿದ್ದರು. 235 ಶಾಲೆಗಳು ಕನ್ನಡದವು, 226 ತೆಲುಗಿನವು, 23 ಮರಾಠಿಯವು. ಲಿಂಗಾಯತರ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳಿದ್ದವು.

ಕ್ಯಾಂಪ್‌ಬೆಲ್ ಎತ್ತಿದ ದೊಡ್ಡ ಆಕ್ಷೇಪ ಅರ್ಥದ್ದು. ಕಾವ್ಯದ ಭಾಷೆ ಆಡುಮಾತಿನಿಂದ ಬಹು ದೂರ, ಮಕ್ಕಳು ಪದ್ಯವನ್ನು ಸರಾಗವಾಗಿ ಒಪ್ಪಿಸುತ್ತಾರೆ, ಆದರೆ ಏನು ಒಪ್ಪಿಸಿದೆವೆಂಬುದು ಅವರಿಗೆ ತಿಳಿಯದು ಎಂದು ಅವನು ಬರೆದ. ಆಕ್ಷೇಪ ನ್ಯಾಯವಾದದ್ದೇ. ಆದರೆ ಶಾಲೆಯಲ್ಲಿ ಇಲ್ಲದಿದ್ದ ಆ ಇನ್ನೊಬ್ಬ, ಅರ್ಥ ಹೇಳುವವನು, ಪುರಾಣದ ಕಟ್ಟೆಯ ಮೇಲಿದ್ದ. ಬಾಯಿಪಾಠಕ್ಕೂ ಓದಿ ಕೇಳಿಸುವುದಕ್ಕೂ ಇರುವ ಮುಖ್ಯ ಅಂತರ ಇದು.

ಮಕ್ಕಳಿಗೆ ಅರ್ಥವಾಗುವ ಭಾಷೆಯ ಕಡೆಗೆ ಶಾಲೆ ತಿರುಗಿದ್ದು ಮುಂದಿನ ತಲೆಮಾರುಗಳಲ್ಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಮರಾಠಿ ತುಂಬಿಕೊಂಡಿದ್ದ ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಹೆಣಗಿದರು. ಅದರ ಫಲ ಬೆಳಗಾವಿ ಜಿಲ್ಲೆಗೆ ದಕ್ಕಿತು. ಸಂಸ್ಥಾನದ ಗೆರೆಯಾಚೆಗಿದ್ದ ಗಡಹಿಂಗ್ಲಜದ ದಾರಿ ಬೇರೆಯಾಗಿತ್ತು. ಅಲ್ಲಿಯ ದೊಡ್ಡ ಹೆಜ್ಜೆ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ್ದು. 1949ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿತು, 1960ರಲ್ಲಿ ಅದು ಮಹಾರಾಷ್ಟ್ರದ ಭಾಗವಾಯಿತು. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳಿತು. 1967ರಲ್ಲಿ ಪುಣೆಯಲ್ಲಿ ಹುಟ್ಟಿದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚುಹಾಕುತ್ತ ಬಂದಿದೆ.

ಪುರಾಣದ ಕಟ್ಟೆಗೆ ತಿಳಿದಿದ್ದ, ಓದನ್ನೂ ಅರ್ಥ ಬಿಡಿಸುವುದನ್ನೂ ಕೂಡಿಸುವ ಜೋಡಣೆಯನ್ನು ಸಂಶೋಧಕರು ಬೇರೊಂದು ದಾರಿಯಿಂದ ಮುಟ್ಟಿದರು. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು-ಮೂರು ವರ್ಷದ ಮಕ್ಕಳ ತಂದೆತಾಯಿಗಳಿಗೆ ಒಂದು ರೂಢಿ ಕಲಿಸಿದರು: ಚಿತ್ರಪುಸ್ತಕ ಓದುವಾಗ ನಡುವೆ ನಿಲ್ಲಬೇಕು, ಮಗುವನ್ನು ಕೇಳಬೇಕು, ಅದು ಹೇಳಿದ್ದನ್ನು ಬೆಳೆಸಬೇಕು. ಒಂದು ತಿಂಗಳಲ್ಲಿ ಆ ಮಕ್ಕಳ ಮಾತು, ಎಂದಿನಂತೆ ಓದಿ ಹೇಳಿಸಿಕೊಂಡ ಮಕ್ಕಳ ಮಾತಿಗಿಂತ ಮುಂದೆ ಹೋಗಿತ್ತು.

ಗಡಿಸೀಮೆಯಲ್ಲಿ ಹೀಗೆ ಓದಿ ಹೇಳುವುದರ ಲಾಭ ಇನ್ನೂ ಎದ್ದು ಕಾಣುವಂಥದು. ಇಲ್ಲಿಯ ಮಗು ಮನೆಯಲ್ಲಿ ಕೇಳುವುದು ‘ಬಂದೈತಿ’, ‘ಹೋಗ್ಯಾನ’. ಪುಸ್ತಕದಲ್ಲಿ ಕಾಣುವುದು ‘ಬಂದಿದೆ’, ‘ಹೋಗಿದ್ದಾನೆ’. ಓದಿ ಹೇಳಿಸಿಕೊಂಡ ಮಗುವಿಗೆ ಪುಸ್ತಕದ ಈ ರೂಪಗಳು ಶಾಲೆಗೆ ಹೋಗುವ ಮುಂಚೆಯೇ ಪರಿಚಿತ. ಅಕ್ಷರ ಕಲಿತ ದಿನ ಅದು ಕೂಡಿಸಿ ಓದುವ ಮಾತು ಹೊಸದಾಗಿರುವುದಿಲ್ಲ. ಮರಾಠಿ ಶಾಲೆಗೆ ಸೇರಿದ ಮಗು ಮೊದಲು ಕಲಿಯುವುದು ದೇವನಾಗರಿ ಲಿಪಿಯನ್ನು. ಅದಕ್ಕೆ ಕನ್ನಡ ಪುಸ್ತಕದ ಬಾಗಿಲು ತೆರೆಯಬೇಕಾದರೆ ಮನೆಯಲ್ಲಿ ಯಾರಾದರೊಬ್ಬರು ಗಟ್ಟಿಯಾಗಿ ಓದಲೇಬೇಕು.