ಕಾಳಗದ ನಡುವಿನ ನಗೆಗಾರ: ದೊಡ್ಡಾಟದ ಸಾರಥಿ ಮತ್ತು ಕುಂಗ್‌ಫೂ ಚಿತ್ರದ ಪೋಷಕ ನಟ

ತಡಸ, ಹಾನಗಲ್ಲ, ಸವಣೂರು ಸೀಮೆಯ ದೊಡ್ಡಾಟ ವೀರರ ಆಟ. ಕಿರೀಟ, ಭುಜಕೀರ್ತಿ ತೊಟ್ಟ ಪಾತ್ರಧಾರಿ ಅಟ್ಟದ ಹಲಗೆ ನಡುಗುವಂತೆ ಹೆಜ್ಜೆ ಹಾಕುತ್ತಾನೆ. ಅವನೆದುರು ಬರಿಗೈಯಲ್ಲಿ ನಿಲ್ಲುವವನು ಸಾರಥಿ. ಅವನನ್ನು ಬರೀ ನಗಿಸುವವನೆಂದು ಎಣಿಸುವುದು ರೂಢಿ. ವೀರನ ಬಲವನ್ನು ತೂಗಿ ತೋರಿಸುವ ಕಲ್ಲು ಅವನೇ ಎಂಬುದು ನನ್ನ ವಾದ.

ದೂರದ ಒಂದು ನಿದರ್ಶನ ಇದನ್ನು ತಿಳಿಯಾಗಿಸುತ್ತದೆ. ಯುಯೆನ್ ವೂ-ಪಿಂಗ್ 1978ರಲ್ಲಿ ನಿರ್ದೇಶಿಸಿದ 'ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೋ' ಮತ್ತು 'ಡ್ರಂಕನ್ ಮಾಸ್ಟರ್' ಎರಡರಲ್ಲೂ ಹಾಂಗ್‌ಕಾಂಗ್‌ನ ಹಾಸ್ಯನಟ ಡೀನ್ ಶೆಕ್ ಕುಂಗ್‌ಫೂ ಶಾಲೆಯ ಜಂಬದ ಮೇಷ್ಟ್ರು. ಮೊದಲನೆಯದರಲ್ಲಿ ಜಾಕಿ ಚಾನ್ ಆ ಶಾಲೆಯ ಆಳು; ಮೇಷ್ಟ್ರು ಕೈ ಪಳಗಿಸಿಕೊಳ್ಳುವುದೇ ಅವನ ಮೈಮೇಲೆ. ಮುಂದೆ ಮುದುಕ ಗುರುವೊಬ್ಬ ನೆಲದ ಮೇಲೆ ಹೆಜ್ಜೆಗುರುತು ಬರೆದು ಕಲಿಸುತ್ತಾನೆ. ಮತ್ತೊಂದು ಸಲ ಅದೇ ಮೇಷ್ಟ್ರು ಕೈ ಬೀಸಿದರೆ ಪೆಟ್ಟು ಗಾಳಿಗೆ ಬೀಳುತ್ತದೆ, ಬೀಸಿ ಬೀಸಿ ಅವನೇ ಸೋಲುತ್ತಾನೆ. ಹುಡುಗ ಎಷ್ಟು ಕಲಿತನೆಂಬುದು ನಮಗೆ ತಿಳಿಯುವುದು ಈ ಏದುಸಿರಿನಿಂದ. ಖಳನ ಜೊತೆಗಿನ ಕೊನೆಯ ಕಾದಾಟಕ್ಕಿಂತ ಈ ಚಿಕ್ಕ ದೃಶ್ಯವೇ ನನಗೆ ಹೆಚ್ಚು ಬೆಲೆಯದು.

ಸಾರಥಿಯ ಮೈಗೆ ಪೆಟ್ಟಿಲ್ಲ. ಅವನ ಆಯುಧ ಪ್ರಶ್ನೆ. ತೆರೆ ಸರಿದು ವೀರ ಕುಣಿದು ನಿಂತೊಡನೆ, ತಾವು ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಅರಸನ ಉತ್ತರ ಗ್ರಾಂಥಿಕ ಭಾಷೆಯಲ್ಲಿ, ಉಸಿರು ಕಟ್ಟಿ, ಪ್ರಾಸದ ಮೇಲೆ ಪ್ರಾಸ. ಅದನ್ನು ಸಾರಥಿ ಊರ ಮಾತಿಗೆ ಇಳಿಸುತ್ತಾನೆ. ಮಳೆ, ಸಂತೆ, ಸಾಲ ಎಲ್ಲ ಅದರೊಳಗೆ ಬರುತ್ತವೆ. ಜನ ನಗುತ್ತಾರೆ. ಆ ನಗೆ ಅಡಗುವ ಹೊತ್ತಿಗೆ ಮದ್ದಳೆ ಏಳುತ್ತದೆ, ವೀರನ ಹೆಜ್ಜೆ ಮೊದಲಿಗಿಂತ ಭಾರವಾಗಿ ಕೇಳುತ್ತದೆ.

ಶೆಕ್ ಮತ್ತು ಸಾರಥಿಯ ನಡುವೆ ನೋಯಿಸುವ ಅಂತರವೊಂದಿದೆ. ಶೆಕ್‌ನ ಪ್ರತಿ ಮುಖಭಾವವೂ ರೀಲಿನಲ್ಲಿ ಉಳಿದಿದೆ. ಸಾರಥಿಯದು ಬಹುಪಾಲು ಆಶುಮಾತು. ಆಟದ ಕೈಬರಹದ ಪ್ರತಿಯಲ್ಲಿ ಹಾಡು, ಅರಸನ ಮಾತು ಸಿಗುತ್ತವೆ. ಸಾರಥಿಯ ಮಾತು ಬೆಳಗಾಗುವುದರೊಳಗೆ ಕರಗಿಹೋಗಿರುತ್ತದೆ. ಪ್ರತಿಗಳನ್ನಷ್ಟೇ ಓದಿ ದೊಡ್ಡಾಟವನ್ನು ಅಳೆದ ನಮ್ಮ ಸಂಶೋಧನೆಯಲ್ಲಿ ಅವನು ಚಿಕ್ಕವನಾದದ್ದು ಹೀಗೆ.

ಜಾನಪದ ವಿಶ್ವವಿದ್ಯಾಲಯ ಇರುವ ಗೊಟಗೋಡಿಯೂ ಇದೇ ಸೀಮೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಅಲ್ಲಿನವರು ಇಡೀ ರಾತ್ರಿಯ ಆಟವನ್ನು ಧ್ವನಿಮುದ್ರಿಸುವಾಗ ಒಂದು ಮೈಕು ಸಾರಥಿಯ ಬಳಿ, ಇನ್ನೊಂದು ಜನರ ನಡುವೆ ಇರಬೇಕು. ಅವನ ಮಾತು ಮುಗಿದು ಮದ್ದಳೆ ಏಳುವ ತನಕದ ನಗೆಯೂ ಪಾಠದ ಭಾಗವೇ.