ಕತ್ತಿ ಕಸಿದ ಮೇಲೂ ಉಳಿದ ಗರಡಿ

ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಆರು ವರ್ಷಗಳ ನಂತರ, 1837ರಲ್ಲಿ, ವಿಕ್ಟೋರಿಯಾ ಇಂಗ್ಲೆಂಡಿನ ರಾಣಿಯಾದಳು. 1901ರವರೆಗೆ ನಡೆದ ಆಕೆಯ ಆಳ್ವಿಕೆಯಲ್ಲಿ ಕಾಳಗದ ವಿದ್ಯೆ, ಆತ್ಮರಕ್ಷಣೆಯ ವಿದ್ಯೆಗಳು ಲಂಡನ್ನಿನಲ್ಲೂ ಬೆಳಗಾವಿ ಸೀಮೆಯಲ್ಲೂ ಜನಸಾಮಾನ್ಯರ ಮಾತಿಗೆ, ಕತೆಗೆ, ಹಾಡಿಗೆ ವಸ್ತುವಾದವು. ಅಲ್ಲಿ ಅದು ಪೇಟೆಯ ಸಭ್ಯಸ್ಥರ ಹವ್ಯಾಸ. ಇಲ್ಲಿ ಆಯುಧ ಕಳೆದುಕೊಂಡವರ ಮಾನದ ಪ್ರಶ್ನೆ.

ಹಳ್ಳದ ದಡದ ಕತ್ತಿ

ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ. ಊರ ಕಾವಲು, ದಂಡಿನ ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದವರೇ ಶೇತಸನದಿಗಳು. ಇಂಥವರಿಗೆ ಕತ್ತಿವರಸೆ, ಕುಸ್ತಿಗಳು ಹೊತ್ತು ಕಳೆಯುವ ಆಟಗಳಲ್ಲ, ಬದುಕಿನ ವಿದ್ಯೆ. 1824ರಲ್ಲಿ ಕಿತ್ತೂರು ಪತನವಾದ ಮೇಲೆ ಸಂಸ್ಥಾನವೂ ಹೋಯಿತು, ಚಾಕರಿಯ ನೆಲೆಯೂ ತಪ್ಪಿತು. ರಾಯಣ್ಣ ಕಾಡು ಸೇರಿ ಬೀಡಿ, ನಂದಗಡಗಳ ಮೇಲೆ ದಾಳಿ ನಡೆಸಿದ. 1830ರ ಏಪ್ರಿಲ್‌ನಲ್ಲಿ ಸೆರೆಸಿಕ್ಕ.

ಸೆರೆಸಿಕ್ಕ ಬಗೆಯನ್ನು ಜನಪದ ಕಥನ ಮರೆತಿಲ್ಲ. ಡೋರಿ ಬೆಣಚಿ ಹಳ್ಳದಲ್ಲಿ ಆತ ಸ್ನಾನಕ್ಕಿಳಿದಾಗ, ನಂಬಿದವರೇ ದಡದಲ್ಲಿದ್ದ ಕತ್ತಿಯನ್ನು ದೂರ ಸರಿಸಿದರಂತೆ. ವೀರ ಸೋತದ್ದು ತೋಳಬಲ ಸಾಲದೆ ಅಲ್ಲ, ಆಯುಧ ಕೈತಪ್ಪಿದ್ದರಿಂದ ಎಂಬುದೇ ಈ ಕಥನದ ತಿರುಳು.

ಮುಂದೆ ಊರೂರೇ ಆ ಸ್ಥಿತಿಗೆ ಬಂದಿತು. 1857ರಲ್ಲಿ ಸರ್ಕಾರ ಜನರ ಕೈಯ ಆಯುಧಗಳನ್ನು ದಾಖಲಿಸಿ ವಶಪಡಿಸಿಕೊಳ್ಳಲು ಕಾನೂನು ತಂದಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿತು. ಅನೇಕರು ಹತರಾದರು, ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. 1878ರ ಶಸ್ತ್ರ ಕಾಯಿದೆ ಪರವಾನಗಿಯಿಲ್ಲದೆ ಆಯುಧ ಹಿಡಿಯುವುದನ್ನು ಅಪರಾಧವೆಂದು ಸಾರಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ ಇತ್ತು.

ಕಾನೂನು ಕತ್ತಿಯನ್ನು ಕಸಿಯಬಹುದಿತ್ತು, ತೋಳನ್ನಲ್ಲ. ಸಾಧನೆಗೆ ಗರಡಿಮನೆ ಉಳಿಯಿತು. ಹನುಮಂತನ ಮೂರ್ತಿಯ ಮುಂದೆ ಕೆಮ್ಮಣ್ಣಿನ ಅಂಕಣ, ಸಂಗ್ರಾಣಿ ಕಲ್ಲು, ಮರದ ಕರೇಲ, ಮಲ್ಲಗಂಬ ಇವೇ ಅದರ ಸಂಪತ್ತು. ನೆನಪಿಗೆ ಲಾವಣಿ ಉಳಿಯಿತು. ರಾಯಣ್ಣ ಮತ್ತು ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದವನು ಜೆ. ಎಫ್. ಫ್ಲೀಟ್. ಆತ ಅದೇ ಸರ್ಕಾರದ ಅಧಿಕಾರಿ ಎಂಬುದು ಸ್ವಾರಸ್ಯದ ಸಂಗತಿ.

ಲಂಡನ್ನಿನ ಊರುಗೋಲು

ಆಳುವವರ ರಾಜಧಾನಿಯಲ್ಲಿ ಭಯ ಬೇರೆ ಬಗೆಯದು. 1862ರಲ್ಲಿ ದಾರಿಹೋಕರ ಕುತ್ತಿಗೆ ಹಿಸುಕಿ ದೋಚುವವರ ಭೀತಿ ಲಂಡನ್ನನ್ನು ಆವರಿಸಿತು. ಪತ್ರಿಕೆಗಳು ಅದನ್ನು ಹಿಗ್ಗಿಸಿದವು, ‘ಪಂಚ್’ ವಾರಪತ್ರಿಕೆ ವ್ಯಂಗ್ಯಚಿತ್ರ ಬರೆಯಿತು. ಆತ್ಮರಕ್ಷಣೆ ಅಲ್ಲಿ ಮಾರಾಟದ ಸರಕೂ ಆಯಿತು. ಜಪಾನಿನಲ್ಲಿದ್ದು 1898ರಲ್ಲಿ ಮರಳಿದ ಎಂಜಿನಿಯರ್ ಬಾರ್ಟನ್-ರೈಟ್, ಜುಜುತ್ಸು, ಮುಷ್ಟಿಯುದ್ಧ, ಊರುಗೋಲಿನ ವರಸೆಗಳನ್ನು ಬೆರೆಸಿ, ತನ್ನ ಹೆಸರನ್ನೂ ಸೇರಿಸಿ ‘ಬಾರ್ಟಿತ್ಸು’ ಎಂದು ಕರೆದ. ‘ಪಿಯರ್ಸನ್ಸ್’ ಮಾಸಪತ್ರಿಕೆಯಲ್ಲಿ ಚಿತ್ರಸಹಿತ ಲೇಖನಗಳು ಬಂದವು. ಆದರೆ ಆತನ ಶಾಲೆ 1902ರ ಹೊತ್ತಿಗೆ ಮುಚ್ಚಿತು.

ಆ ಹೆಸರನ್ನು ಉಳಿಸಿದ್ದು ಪತ್ತೇದಾರಿ ಕತೆ. 1903ರಲ್ಲಿ ಕಾನನ್ ಡಾಯ್ಲ್ ಬರೆದ ಕತೆಯಲ್ಲಿ ಷರ್ಲಾಕ್ ಹೋಮ್ಸ್, ಜಲಪಾತದ ಅಂಚಿನಲ್ಲಿ ನಿರಾಯುಧನಾಗಿದ್ದರೂ ವೈರಿಯ ಹಿಡಿತ ಬಿಡಿಸಿಕೊಂಡು ಬದುಕಿದ್ದು ‘ಬಾರಿತ್ಸು’ ಬಲದಿಂದ. ಹೆಸರಿನ ಒಂದಕ್ಷರ ತಪ್ಪಿದ್ದರೂ ವಿದ್ಯೆ ಅದೇ. ನೀರಿನಂಚಿನಲ್ಲಿ ಆಯುಧವಿಲ್ಲದೆ ನಿಂತ ವೀರ ಎರಡೂ ಕಡೆ ಇದ್ದಾನೆ. ಇಂಗ್ಲೆಂಡಿನ ಕತೆಯಲ್ಲಿ ಅವನು ಗೆದ್ದು ಮರಳುತ್ತಾನೆ. ಖಾನಾಪುರ ಸೀಮೆಯ ಕಥನದಲ್ಲಿ ಗಲ್ಲಿಗೇರುತ್ತಾನೆ. ಗೆದ್ದವರಿಗೆ ಕಾಳಗ ಸಾಹಸದ ಕತೆ. ಸೋತವರಿಗೆ ಅದು ಎಚ್ಚರಿಕೆಯ ಹಾಡು.

ಗರಡಿಯ ಕರೇಲ, ಒಲಿಂಪಿಕ್ಸ್‌ಗೆ

ಹೀಗಿದ್ದರೂ ಇಲ್ಲಿನ ಗರಡಿಯ ಸಾಧನ ಅಲ್ಲಿನ ವ್ಯಾಯಾಮಶಾಲೆ ಸೇರಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಕರೇಲ ತಿರುಗಿಸುವುದನ್ನು ಕಂಡು ಕಲಿತರು. ಡೊನಾಲ್ಡ್ ವಾಕರ್ 1834ರ ತನ್ನ ವ್ಯಾಯಾಮ ಗ್ರಂಥದಲ್ಲಿ ಅದನ್ನು ವಿವರಿಸಿದ. ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಅದು ವಿಕ್ಟೋರಿಯಾ ಕಾಲದ ಶಾಲೆ, ದಂಡು, ಮನೆಗಳಲ್ಲಿ ಹರಡಿತು. ಅಮೆರಿಕ ದಾಟಿ, 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಯಿತು. ಆದರೆ ಆ ಪ್ರಯಾಣದಲ್ಲಿ ಕೆಮ್ಮಣ್ಣು, ಹನುಮಂತ, ಉಸ್ತಾದರು ಜೊತೆಗೆ ಹೋಗಲಿಲ್ಲ. ಪೈಲ್ವಾನನ ತೋಳು ಬೆಳೆಸುತ್ತಿದ್ದ ಮರ ಹಗುರವಾಗಿ ಆರೋಗ್ಯದ ಸಲಕರಣೆಯಾಯಿತು.

ಬೆಳಗಾವಿಯಲ್ಲಿ ಆ ಬೇರು ಪೂರ್ತಿ ಒಣಗಿಲ್ಲ. ಆನಂದವಾಡಿ ಅಖಾಡದಲ್ಲಿ ಕುಸ್ತಿ ಪಂದ್ಯಗಳು ಜನ ಸೇರಿಸುತ್ತವೆ. ಶಿವಜಯಂತಿಯ ಮೆರವಣಿಗೆಯಲ್ಲಿ ಲಾಠಿ, ದಾಂಡಪಟ್ಟಾ ವರಸೆಗಳು ಬೀದಿಗಿಳಿಯುತ್ತವೆ. ರಾಯಣ್ಣನ ಕತೆ ಲಾವಣಿಯಿಂದ ನಾಟಕಕ್ಕೆ, 2012ರಲ್ಲಿ ಸಿನಿಮಾಕ್ಕೆ ಬಂದಿದೆ. ತೆರೆಯ ಮೇಲಿನ ಕತ್ತಿವರಸೆಗೆ ಚಪ್ಪಾಳೆ ಸುಲಭ. ನಂದಗಡದಲ್ಲಿ ಆತನ ಸಮಾಧಿಯ ಬಳಿಯ ಆಲದ ಮರ ನೆನಪಿಸುವುದು ಬೇರೆಯದನ್ನು. ಆಯುಧವಿಲ್ಲದ ಜನ ತಮ್ಮ ವೀರನನ್ನು ಕಾಪಾಡಲಾಗದಿದ್ದರೂ ಆತನ ಹೆಸರನ್ನು ಕಾಪಾಡಿದರು.